ಐದನೆಯ ಟ್ಯಾಪೆಟ್

ಜನವರಿ 4, 1932, ಸೋಮವಾರ

ಇಂದು ಪರೀಕ್ಷೆ ಆರಂಭಿಸಲಾಯಿತು. ಎರಡು ಇಂಜಿನ್‌ಗಳನ್ನು ಪರೀಕ್ಷಾ ಕೋಣೆಯಲ್ಲಿ ಕೂರಿಸಲಾಗಿದೆ. ಒಂದೊಂದಕ್ಕೂ ಎಂಟು ಸಿಲಿಂಡರ್, ಹದಿನಾರು ವಾಲ್ವ್, ಹದಿನಾರು ಹೊಸ ಟ್ಯಾಪೆಟ್. ಇನ್ನೂರು ಗಂಟೆ ಓಡಬೇಕು. ಫೆಬ್ರವರಿ 19ಕ್ಕೆ ನಿರ್ದೇಶಕರು ಬರುತ್ತಾರೆ. ಅವರು ಒಪ್ಪಿದರೆ ಬೇಸಿಗೆಯ ಹೊಸ ಕಾರಿಗೆ ಇವೇ ಟ್ಯಾಪೆಟ್. ಒಪ್ಪದಿದ್ದರೆ ಬೇಸಿಗೆಯಲ್ಲಿ ಹೊಸ ಕಾರೇ ಇರುವುದಿಲ್ಲ ಎಂದು ಮುಖ್ಯ ಇಂಜಿನಿಯರ್ ಪ್ರೆಸ್ಕಾಟ್ ಹೇಳಿದರು. ಹೋದ ವರ್ಷ ಕಾರ್ಖಾನೆ ಮಾರಿದ್ದು ಅದರ ಹಿಂದಿನ ವರ್ಷದ ಅರ್ಧ. ಈಗ ವಾರಕ್ಕೆ ಐದೇ ದಿನ ಕೆಲಸ. ಬಫಲೋ ನಗರದಲ್ಲಿ ಐದು ದಿನ ಕೆಲಸ ಇರುವವನು ದೂರಬಾರದು.

ಕಾರ್ಖಾನೆಯ ದಾಖಲೆ ಪುಸ್ತಕದಲ್ಲಿ ಅಂಕಿಗಳಿಗೆ ಮಾತ್ರ ಜಾಗ. ಉಳಿದದ್ದಕ್ಕೆ ಈ ಪುಸ್ತಕ.

ರಾತ್ರಿ ಊಟಕ್ಕೆ ಕೂತಾಗ ಆಡಾ ಕೇಳಿದಳು: "ಎಲ್ಲಾ ಹೊಸದು ಹೊಸದು ಅಂತೀಯಲ್ಲ ಎರ್ವಿನ್, ಏನು ಹೊಸದು ಅದರಲ್ಲಿ?"

"ಟ್ಯಾಪೆಟ್ ವಾಲ್ವನ್ನ ಮೇಲಕ್ಕೆ ತಳ್ಳಿ ತೆರೆಯುತ್ತೆ. ಕಬ್ಬಿಣ ಕಾದ್ರೆ ಬೆಳೆಯುತ್ತಲ್ಲ, ಅದಕ್ಕೆ ಎರಡರ ಮಧ್ಯೆ ಕೂದಲೆಳೆಯಷ್ಟು ಸಂದು ಬಿಡಬೇಕು. ಆ ಸಂದಿನಿಂದಲೇ ಟಕ್ ಟಕ್ ಅನ್ನೋದು. ಓಡ್ತಾ ಓಡ್ತಾ ಸಂದು ಬದಲಾಗುತ್ತೆ, ಮತ್ತೆ ಮತ್ತೆ ಸರಿ ಮಾಡ್ಬೇಕು. ಹೊಸದರಲ್ಲಿ ಸಂದೇ ಇಲ್ಲ. ಡಾಕ್ಟರ ಸಿರಿಂಜ್ ಇದೆಯಲ್ಲ, ಹಾಗೆ ಒಂದು ಕೊಳವೆ, ಅದರೊಳಗೊಂದು ಪ್ಲಂಜರ್. ಕೆಳಗೆ ಇಂಜಿನ್ನಿನ ಎಣ್ಣೆ ತುಂಬಿಕೊಂಡು ಪ್ಲಂಜರನ್ನ ವಾಲ್ವಿಗೆ ಒತ್ತಿ ಹಿಡಿಯುತ್ತೆ. ತನ್ನನ್ನ ತಾನೇ ಹೊಂದಿಸಿಕೊಳ್ಳುತ್ತೆ. ಸದ್ದಿಲ್ಲ."

"ಇಷ್ಟು ದಿನ ಆ ಸಂದು ಸರಿ ಮಾಡ್ತಿದ್ದೋರು?"

"ಕೆಳಗಿನ ಕೋಣೇಲಿ ಹನ್ನೆರಡು ಜನ ಇದಾರೆ."

"ಅವರು ಮುಂದೇನ್ ಮಾಡ್ತಾರೆ?"

ಅದು ನನ್ನ ವಿಭಾಗಕ್ಕೆ ಸಂಬಂಧಿಸಿದ್ದಲ್ಲ ಎಂದು ತಿಳಿಸಲಾಯಿತು.

ಜನವರಿ 8, ಶುಕ್ರವಾರ

ಐವತ್ತು ಗಂಟೆ ಮುಗಿದಿದೆ. ಬೆಳಿಗ್ಗೆ ತಣ್ಣನೆಯ ಇಂಜಿನ್ ಶುರುವಾದಾಗ ಏಳೆಂಟು ಸೆಕೆಂಡು ಟಕಟಕ ಎನ್ನುತ್ತದೆ. ಎಣ್ಣೆ ಏರಿದೊಡನೆ ನಿಲ್ಲುತ್ತದೆ. ಮರದ ಕೋಲಿನ ಒಂದು ತುದಿಯನ್ನು ಇಂಜಿನ್ನಿಗೂ ಇನ್ನೊಂದನ್ನು ಕಿವಿಗೂ ಇಟ್ಟು ಹದಿನಾರನ್ನೂ ಪರೀಕ್ಷಿಸಲಾಯಿತು. ಏನೂ ಕೇಳಿಸಲಿಲ್ಲ.

ಜನವರಿ 11, ಸೋಮವಾರ

ಒಂದನೆಯ ಇಂಜಿನ್ ಓಡುತ್ತಲೇ ಇದೆ. ಎರಡನೆಯದನ್ನು ಸವೆತ ನೋಡಲೆಂದು ಬಿಚ್ಚಲಾಯಿತು. ಹದಿನಾರು ಟ್ಯಾಪೆಟ್‌ಗಳನ್ನೂ ಹೊರತೆಗೆದು, ಪ್ಲಂಜರ್‌ಗಳನ್ನು ಬೇರ್ಪಡಿಸಿ, ಕೆಳಗಿನ ಕೋಣೆಯಿಂದ ತರಿಸಿದ ತಟ್ಟೆಯಲ್ಲಿ ಸೀಮೆಎಣ್ಣೆ ಹಾಕಿ ಎಲ್ಲವನ್ನೂ ತೊಳೆಯಲಾಯಿತು. ಸವೆತವಿಲ್ಲ. ಮತ್ತೆ ಜೋಡಿಸಲಾಯಿತು.

ಟ್ಯಾಪೆಟ್‌ಗಳು ಬಂದಾಗ ಒಂದೊಂದಕ್ಕೂ ಭಾರದ ಪರೀಕ್ಷೆ ನಡೆದಿತ್ತು. ಸೀಮೆಎಣ್ಣೆ ತುಂಬಿಸಿ ಮೇಲೆ ಭಾರವಿಟ್ಟರೆ ಪ್ಲಂಜರ್ ನಿಧಾನವಾಗಿ ಇಳಿಯುತ್ತದೆ. ಹದಿನೈದರಿಂದ ಮೂವತ್ತು ಸೆಕೆಂಡು ಹಿಡಿದರೆ ಸರಿ. ಬೇಗ ಇಳಿದರೆ ಎಣ್ಣೆ ಸೋರುತ್ತಿದೆ ಎಂದರ್ಥ. ಎಲ್ಲವೂ ಆಗಲೇ ಪಾಸಾಗಿದ್ದರಿಂದ ಇಂದು ಮತ್ತೆ ಆ ಪರೀಕ್ಷೆ ಬೇಕೆನಿಸಲಿಲ್ಲ. ಪ್ರೆಸ್ಕಾಟ್ ಎರಡು ಸಲ ಬಂದು ಗಡಿಯಾರ ನೋಡಿ ಹೋದರು.

ಜನವರಿ 14, ಗುರುವಾರ

ಮಧ್ಯಾಹ್ನ ಊಟ ಮುಗಿಸಿ ಬಂದಾಗ ಎರಡನೆಯ ಇಂಜಿನ್ನಿನ ಪಕ್ಕ ಒಬ್ಬ ನಿಂತಿದ್ದ. ಕೆಳಗಿನ ಕೋಣೆಯವನು, ಟ್ಯಾಪೆಟ್ ಸಂದು ಹೊಂದಿಸುವವನು. ಹೆಸರು ಕ್ಲೆಮೆನ್ಸ್ ದುದೆಕ್. ಪೋಲಿಷ್; ಎದುರಿನವರನ್ನು ಪಾನ್, ಅಂದರೆ ಶ್ರೀಯುತ, ಎಂದು ಕರೆಯುವ ಜನ. ಐವತ್ತರ ಆಸುಪಾಸು. ಟೋಪಿ ಕೈಯಲ್ಲಿತ್ತು.

"ಯಾರು ಬಿಟ್ಟರು ನಿನ್ನ ಒಳಗೆ?"

"ಬಾಗಿಲು ತೆಗ್ದಿತ್ತು ಪಾನ್ ಇಂಜಿನಿಯರ್. ನಮ್ಮ ಕೆಲಸ ಕಿತ್ಕೊಳ್ಳೋದು ಹೆಂಗಿದೆ ಅಂತ ನೋಡೋಣ ಅಂತ ಬಂದೆ. ದಿನಾ ಬರ್ತೀನಿ. ಚೆನ್ನಾಗಿದೆ." ನಗಲಿಲ್ಲ, ಸಿಟ್ಟೂ ಕಾಣಲಿಲ್ಲ. "ಇದರಲ್ಲಿ ಮಾತ್ರ ಐದನೇದು ಮಾತಾಡ್ತಿದೆ."

"ಮಾತಾಡ್ತಿದೆ ಅಂದ್ರೆ?"

"ಈಗ ಪಿಸುಗುಟ್ತಿದೆ. ನಾಳೆ ನಾಡಿದ್ದರಲ್ಲಿ ನಿಮಗೂ ಕೇಳ್ಸುತ್ತೆ."

ಕೋಲಿಟ್ಟು ಕೇಳಲಾಯಿತು. ಏನೂ ಇಲ್ಲ. ತನ್ನ ಕೆಲಸದ ಜಾಗಕ್ಕೆ ಹೋಗುವಂತೆ ಅವನಿಗೆ ತಿಳಿಸಲಾಯಿತು. ಹೋದ.

ಜನವರಿ 15, ಶುಕ್ರವಾರ

ಮಧ್ಯಾಹ್ನ ಎರಡಕ್ಕೆ, ಎಣ್ಣೆ ಚೆನ್ನಾಗಿ ಕಾದ ಮೇಲೆ, ಎರಡನೆಯ ಇಂಜಿನ್ ನಿಧಾನವಾಗಿ ಓಡುವಾಗ ಟಕ್ ಟಕ್. ಐದನೆಯದು. ನಾಲ್ಕಕ್ಕೆ ಹನ್ನೆರಡನೆಯದೂ ಸೇರಿಕೊಂಡಿತು.

ಜನವರಿ 18, ಸೋಮವಾರ

ಐದು ಮತ್ತು ಹನ್ನೆರಡನ್ನು ತೆಗೆಯಲಾಯಿತು. ಭಾರವಿಟ್ಟರೆ ಐದನೆಯದು ಮೂರೇ ಸೆಕೆಂಡಿನಲ್ಲಿ ಇಳಿಯಿತು. ಟ್ಯಾಪೆಟ್‌ಗಳು ಬಂದಾಗ ಮಾಡಿದ ಪಟ್ಟಿಯ ಪ್ರಕಾರ ಇಪ್ಪತ್ತೆರಡು ಇರಬೇಕಿತ್ತು. ಹನ್ನೆರಡನೆಯದು ನಾಲ್ಕು ಸೆಕೆಂಡು. ಗೀರಿಲ್ಲ, ಸವೆತವಿಲ್ಲ. ಎಣ್ಣೆ ಹಿಂದಕ್ಕೆ ಹೋಗದಂತೆ ತಡೆಯುವ ಪುಟ್ಟ ಗುಂಡು ಸರಿಯಾಗಿಯೇ ಕೂರುತ್ತಿದೆ. ತೊಳೆಯುವ ತಟ್ಟೆಯ ತಳದಲ್ಲಿ ಚಿಟಿಕೆಯಷ್ಟು ಉಕ್ಕಿನ ಪುಡಿ ಸಿಕ್ಕಿತು.

ಇಂಜಿನ್ನಿನಲ್ಲಿ ಇಂಥ ಪುಡಿ ಹುಟ್ಟುವುದಿಲ್ಲ. ತಾನಾಗಿ ಬರುವಂಥದಲ್ಲವಾದರೆ ಯಾರೋ ತಂದಿರಬೇಕು. ಒಂದನೆಯ ಇಂಜಿನ್ನಿಗೆ ಏನೂ ಆಗಿಲ್ಲ, ಅದು ಬಾಗಿಲಿನಿಂದ ದೂರದಲ್ಲಿದೆ. ಕೆಡುವ ಮೊದಲೇ ಐದನೆಯದು ಕೆಡುತ್ತದೆಂದು ಒಬ್ಬನಿಗೆ ಗೊತ್ತಿತ್ತು.

ಪ್ರೆಸ್ಕಾಟ್ ಕೇಳಿದರು: "ಮಧ್ಯಾಹ್ನ ಕೋಣೇಲಿ ಯಾರಿರ್ತಾರೆ?"

"ಯಾರೂ ಇರಲ್ಲ ಸರ್. ನಾನು ಊಟಕ್ಕೆ ಹೋಗ್ತೀನಿ. ಕೆಳಗಿನವನೊಬ್ಬ ದಿನಾ ಬರ್ತಾನಂತೆ."

"ಯಾರು?"

ಹೆಸರನ್ನು ತಿಳಿಸಲಾಯಿತು.

ಮೂರು ಗಂಟೆಗೆ ಕಿಟಕಿಯಿಂದ ನೋಡಿದಾಗ ದುದೆಕ್ ಉಪಕರಣದ ಪೆಟ್ಟಿಗೆ ಹಿಡಿದು ಅಂಗಳ ದಾಟುತ್ತಿದ್ದ. ಹಿಮ ಬೀಳುತ್ತಿತ್ತು. ಗೇಟಿನ ಹತ್ತಿರ ಪೆಟ್ಟಿಗೆ ಕೆಳಗಿಟ್ಟು ಕೈಗವುಸು ಹಾಕಿಕೊಂಡು ಮತ್ತೆ ಎತ್ತಿಕೊಂಡ.

ಜನವರಿ 20, ಬುಧವಾರ

ವಜಾ ಪತ್ರದಲ್ಲಿ "ಪರೀಕ್ಷೆಯಲ್ಲಿದ್ದ ಇಂಜಿನ್ನಿಗೆ ಕೈ ಹಾಕಿದ್ದಕ್ಕಾಗಿ" ಎಂದು ಬರೆದಿದೆಯಂತೆ. ಪರೀಕ್ಷಾ ಕೋಣೆಗೆ ಬೀಗ ಹಾಕಿಸಲಾಯಿತು. ಬೀಗದ ಕೈ ನನ್ನ ಬಳಿ ಮಾತ್ರ.

ಹದಿನಾರನ್ನೂ ಮತ್ತೆ ಬಿಚ್ಚಿ, ಹೊಸ ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆಯಿಂದ ಒರೆಸಿ ಜೋಡಿಸಲಾಯಿತು. ಪುಡಿಯ ಕಣವೂ ಉಳಿದಿಲ್ಲ.

ಜನವರಿ 22, ಶುಕ್ರವಾರ

ಐದು ಸುಮ್ಮನಿದೆ. ಹನ್ನೆರಡು ಸುಮ್ಮನಿದೆ. ಮೂರು, ಒಂಬತ್ತು, ಹದಿನಾಲ್ಕು ಬಡಿಯುತ್ತಿವೆ.

ಬೀಗ ಹಾಕಿದ್ದು ಹಾಕಿದಂತೆಯೇ ಇತ್ತು.

ಜನವರಿ 26, ಮಂಗಳವಾರ

ನಿನ್ನೆ ದಪ್ಪ ಎಣ್ಣೆ ಹಾಕಿ ನೋಡಲಾಯಿತು. ಸದ್ದು ತಡವಾಗಿ ಬಂತು, ಹೋಗಲಿಲ್ಲ. ಎಣ್ಣೆಯಲ್ಲಿ ಗಾಳಿ ಸೇರುತ್ತಿರಬಹುದೆಂದು ಮಟ್ಟವನ್ನು ಏರಿಸಿ ಇಳಿಸಿ ನೋಡಲಾಯಿತು. ಗಾಳಿ ಸೇರಿದ್ದರೆ ಟ್ಯಾಪೆಟ್ ಒತ್ತಿದಾಗ ಸ್ಪಂಜಿನಂತೆ ಅಮುಕಿಕೊಳ್ಳಬೇಕು. ಹಾಗಿಲ್ಲ. ಗಟ್ಟಿಯಾಗಿದ್ದು ಮೆಲ್ಲಗೆ ಇಳಿದುಬಿಡುತ್ತವೆ. ಇಂದು ಸ್ಪ್ರಿಂಗ್‌ಗಳನ್ನು ಬದಲಾಯಿಸಲಾಯಿತು. ಪ್ರಯೋಜನವಿಲ್ಲ.

"ಇನ್ನು ಇಪ್ಪತ್ನಾಲ್ಕು ದಿನ ಇದೆ ಲೋಟ್ಜ್," ಎಂದರು ಪ್ರೆಸ್ಕಾಟ್. "ಕಳ್ಳನ್ನ ಹಿಡಿದು ಕೊಟ್ಟೆ, ಸರಿ. ಕಳ್ಳ ಹೋದ ಮೇಲೂ ಕಳ್ತನ ನಡೀತಿದೆಯಲ್ಲ?"

ಮೆಟ್ಟಿಲ ಮೇಲೆ ಕೆಳಗಿನ ಕೋಣೆಯವರು ಮೂವರು ಎದುರಾದರು. ಮಾತನಾಡುತ್ತಿದ್ದವರು ಗೋಡೆಯ ಕಡೆ ಸರಿದು ಸುಮ್ಮನಾದರು. ನಾನು ಇಳಿದು ಹೋದ ಮೇಲೆ ಮತ್ತೆ ಮಾತು ಕೇಳಿಸಿತು.

ಜನವರಿ 28, ಗುರುವಾರ

ಬೆಳಿಗ್ಗೆ ಮೂರನೆಯದನ್ನು ಬಿಚ್ಚಿ ತೊಳೆದು ಪ್ಲಂಜರ್ ಹಾಕುವಾಗ ಅದು ಕೊಳವೆಯೊಳಗೆ ಬಾವಿಗೆ ಕಲ್ಲು ಬಿದ್ದಂತೆ ಬಿತ್ತು. ಒಂಬತ್ತನೆಯದರ ಪ್ಲಂಜರ್ ಪಕ್ಕದಲ್ಲೇ ಇತ್ತು. ಏನೂ ಯೋಚಿಸದೆ ಅದನ್ನು ಮೂರನೆಯ ಕೊಳವೆಗೆ ಇಳಿಬಿಟ್ಟೆ. ಅರ್ಧಕ್ಕೆ ಹೋಗಿ ನಿಂತಿತು. ಬೆರಳಿನಿಂದ ಒತ್ತಿದರೂ ಹೋಗಲಿಲ್ಲ.

ನಕ್ಷೆಯ ಪ್ರಕಾರ ಎಲ್ಲ ಪ್ಲಂಜರ್‌ಗಳೂ ಒಂದೇ ಅಳತೆ. ಆದರೆ ನಕ್ಷೆಯಲ್ಲಿ ತೋರಿಸಲಾಗದಷ್ಟು ಸಣ್ಣ ವ್ಯತ್ಯಾಸವಿದ್ದರೂ ಎಣ್ಣೆ ಸೋರುತ್ತದೆ. ಹಾಗಾದರೆ ಇವನ್ನು ತಯಾರಿಸಿದವನು ಒಂದೊಂದು ಪ್ಲಂಜರನ್ನೂ ಅದರದರ ಕೊಳವೆಗೆ ತಕ್ಕಂತೆ ಉಜ್ಜಿ ಕೂರಿಸಿರಬೇಕು. ಕೊಳವೆಗಳ ಮೇಲೆ ಸಂಖ್ಯೆಯಿದೆ. ಪ್ಲಂಜರ್‌ಗಳ ಮೇಲಿಲ್ಲ.

ಉಗ್ರಾಣಕ್ಕೆ ಹೋಗಿ ಟ್ಯಾಪೆಟ್ ಬಂದಿದ್ದ ಪೆಟ್ಟಿಗೆ ಹುಡುಕಿಸಿದೆ. ಮುಚ್ಚಳದ ಒಳಗೆ ಚೀಟಿ ಅಂಟಿಸಿತ್ತು: "ಪ್ಲಂಜರ್‌ಗಳನ್ನು ಒಂದರದ್ದು ಇನ್ನೊಂದಕ್ಕೆ ಹಾಕಕೂಡದು." ಕೆಳಗೆ ಮಾಲು ಪಡೆದವನ ಸಹಿ. ಸಹಿ ನನ್ನದು.

ಹದಿನಾರು ಪ್ಲಂಜರ್‌ಗಳನ್ನು ಹದಿನಾರು ಕೊಳವೆಗಳಲ್ಲಿ ಒಂದಾದ ಮೇಲೊಂದರಂತೆ ಇಟ್ಟು, ಭಾರವಿಟ್ಟು, ಸೆಕೆಂಡು ಬರೆದುಕೊಂಡೆ. ಊಟಕ್ಕೆ ಹೋಗಲಿಲ್ಲ. ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಹಿಡಿಯಿತು. ಹಳೆಯ ಪಟ್ಟಿಯ ಸಮಯಕ್ಕೆ ಸರಿಹೊಂದುವಂತೆ ಹದಿನಾರು ಜೋಡಿಯೂ ಸಿಕ್ಕಿದವು. ಐದನೆಯದು ಇಪ್ಪತ್ತೆರಡು ಸೆಕೆಂಡು. ಯಾವುದಕ್ಕೂ ಯಾರೂ ಏನೂ ಮಾಡಿರಲಿಲ್ಲ.

ತಟ್ಟೆ ಕೆಳಗಿನ ಕೋಣೆಯದು. ಅಲ್ಲಿ ದಿನವೂ ಉಕ್ಕು ಉಜ್ಜುತ್ತಾರೆ. ಪುಡಿ ತಟ್ಟೆಯ ಮೂಲೆಯಲ್ಲಿ ಮೊದಲೇ ಇದ್ದಿರಬೇಕು.

ಜನವರಿ 11ರಂದು ತೊಳೆದದ್ದು ನಾನು.

ಜನವರಿ 29, ಶುಕ್ರವಾರ

ಎರಡನೆಯ ಇಂಜಿನ್ ಬೆಳಿಗ್ಗೆಯಿಂದ ಓಡುತ್ತಿದೆ. ಸದ್ದಿಲ್ಲ.

ಪ್ರೆಸ್ಕಾಟ್ ಅವರಿಗೆ ಎಲ್ಲವನ್ನೂ ಹೇಳಿದೆ. ಅವರು ಇಂಜಿನ್ನಿನ ಮೇಲೆ ಅಂಗೈ ಇಟ್ಟುಕೊಂಡು ಕೇಳಿದರು.

"ಈಗ ಸರಿ ಇದೆಯಲ್ಲ?"

"ಸರಿ ಇದೆ ಸರ್. ಆದ್ರೆ ದುದೆಕ್..."

"ಏಪ್ರಿಲ್‌ನಲ್ಲಿ ಆ ಕೋಣೆಗೇ ಬೀಗ. ಹನ್ನೆರಡು ಜನಾನೂ ಹೋಗೋರೇ. ಅವನು ಮೂರು ತಿಂಗಳು ಮುಂಚೆ ಹೋದ, ಅಷ್ಟೇ. ಈಗ ವಾಪಸ್ ಕರೆದ್ರೆ ಯಾಕೆ ಅಂತ ನಿರ್ದೇಶಕರು ಕೇಳ್ತಾರೆ. ಪರೀಕ್ಷೆ ಮಾಡಿದವನಿಗೇ ಜೋಡಿಸೋಕೆ ಬರ್ಲಿಲ್ಲ, ಇನ್ನು ಊರೂರಿನ ಗ್ಯಾರೇಜ್‌ನೋರು ಜೋಡಿಸ್ತಾರಾ ಅಂತಾರೆ. ಮುಗೀತು ಕಥೆ. ಕಸ ಇತ್ತು, ತೆಗೆದೆ ಅಂತ ಬರಿ."

ಅವರು ಹೇಳಿದ್ದರಲ್ಲಿ ಲೆಕ್ಕ ತಪ್ಪಿರಲಿಲ್ಲ. ದಾಖಲೆ ಪುಸ್ತಕದಲ್ಲಿ "ಕಸ ನಿವಾರಿಸಲಾಯಿತು" ಎಂದು ಬರೆಯಲಾಯಿತು.

ಜನವರಿ 31, ಭಾನುವಾರ

ಚರ್ಚಿನಿಂದ ಬಂದು ಆಡಾ ಆಲೂಗಡ್ಡೆ ಸೂಪು ಮಾಡಿದಳು. ಯಾಕೆ ತಿನ್ನುತ್ತಿಲ್ಲವೆಂದು ಕೇಳಿದಳು. ಹೇಳಿದೆ.

ಬಹಳ ಹೊತ್ತು ಪಾತ್ರೆ ತೊಳೆದಳು. ಆಮೇಲೆ ತಿರುಗದೆಯೇ ಕೇಳಿದಳು: "ಮನೆ ಎಲ್ಲಿ ಅವರದ್ದು?"

"ಗೊತ್ತಿಲ್ಲ."

"ಆಫೀಸಲ್ಲಿ ಬರೆದಿರುತ್ತಲ್ಲ."

"ಇರುತ್ತೆ."

"ನಾನು ಬರಲಾ?"

ಬೇಡ ಎಂದೆ.

ಫೆಬ್ರವರಿ 2, ಮಂಗಳವಾರ

ಕೆಲಸ ಮುಗಿದ ಮೇಲೆ ಟ್ರಾಮ್ ಹತ್ತಿ ಪೋಲಿಷ್ ಜನರಿರುವ ಈಸ್ಟ್ ಸೈಡಿಗೆ ಹೋದೆ. ಪತ್ರವೊಂದನ್ನು ಟೈಪ್ ಮಾಡಿಸಿ ಜೇಬಿನಲ್ಲಿಟ್ಟುಕೊಂಡಿದ್ದೆ. ಎರಡು ಅಂತಸ್ತಿನ ಮರದ ಮನೆ, ಮೇಲಿನ ಪಾಲು ದುದೆಕ್ ಅವರದು. ಬಾಗಿಲು ತೆಗೆದದ್ದು ಅವರ ಹೆಂಡತಿ ಯಾದ್ವಿಗಾ. ನನ್ನ ಹೆಸರು ಹೇಳಿದೆ; ಆಕೆ ಬಾಗಿಲನ್ನು ಇನ್ನಷ್ಟು ತೆರೆಯಲೂ ಇಲ್ಲ, ಮುಚ್ಚಲೂ ಇಲ್ಲ.

"ಇಂಜಿನಿಯರ್ರಾ? ಈಗ ಇನ್ನೇನ್ ಕೆಟ್ಟಿದೆಯಂತೆ?"

"ಏನೂ ಇಲ್ಲ. ಅವರನ್ನ ನೋಡ್ಬೇಕಿತ್ತು."

"ಇನ್ನೇನು ಬರ್ತಾರೆ. ಕೆಲಸದಿಂದ."

ಬೇರೆ ಕೆಲಸ ಸಿಕ್ಕಿದೆ ಎಂದುಕೊಂಡೆ. ಮನಸ್ಸು ಹಗುರಾಯಿತು. ಸಿಕ್ಕಿದ್ದು ಒಳ್ಳೆಯದಾಯಿತು ಎಂದು ಹೇಳಿಯೂ ಬಿಟ್ಟೆ.

ಆಕೆ ನನ್ನನ್ನೇ ನೋಡಿದರು. "ಏನ್ ಸಿಕ್ಕಿದೆ? ದಿನಾ ಬೆಳಿಗ್ಗೆ ಆರು ಗಂಟೆಗೆ ಊಟದ ಡಬ್ಬಿ ಹಿಡ್ಕೊಂಡು ಹೊರಡ್ತಾರೆ. ಬೀದೀಲಿ ಎಲ್ಲರೂ ನೋಡ್ತಾರಲ್ಲ. ಚರ್ಚಲ್ಲಿ ಕೂತಿರ್ತಾರೆ, ರೈಲ್ವೆ ಸ್ಟೇಷನ್ನಲ್ಲಿ ಕೂತಿರ್ತಾರೆ. ಅಲ್ಲೇ ಡಬ್ಬಿ ತೆಗೆದು ತಿಂತಾರೆ. ಸಂಜೆ ಬರ್ತಾರೆ. ನನಗೆ ಗೊತ್ತಿಲ್ಲ ಅಂದ್ಕೊಂಡಿದಾರೆ. ನಾನೂ ದಿನಾ ಡಬ್ಬಿ ಕಟ್ಕೊಡ್ತೀನಿ."

ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಆಕೆ ತಟ್ಟನೆ ಒಳಗೆ ಹೋದರು. ದುದೆಕ್ ಡಬ್ಬಿ ಹಿಡಿದು ಬಂದರು. ನನ್ನನ್ನು ನೋಡಿ ಟೋಪಿ ತೆಗೆದರು. ಅಭ್ಯಾಸದಿಂದ ತೆಗೆದದ್ದು. ತೆಗೆದ ಮೇಲೆ ಮತ್ತೆ ಹಾಕಿಕೊಂಡರು.

ಅಡುಗೆಮನೆಯ ಮೇಜಿನ ಹತ್ತಿರ ಕೂತೆವು. ನಡೆದದ್ದನ್ನು ಹೇಳಿದೆ. ಅವರು ನಡುವೆ ಒಂದೇ ಪ್ರಶ್ನೆ ಕೇಳಿದರು.

"ಎಲ್ಲಾ ಒಂದೇ ತಟ್ಟೇಲಿ ತೊಳೆದ್ರಾ?"

"ಹೂಂ."

"ನಮ್ಮ ಕೋಣೇಲಿ ಹೊಸಬರು ಹಂಗ್ ಮಾಡಿದ್ರೆ ಕಿವಿ ಹಿಂಡ್ತೀವಿ."

ಪತ್ರ ಕೊಟ್ಟೆ. ಕನ್ನಡಕ ಹಾಕಿಕೊಂಡು ಒಂದೊಂದು ಪದದ ಮೇಲೂ ಬೆರಳಿಟ್ಟು ಓದಿದರು. ಇಂಗ್ಲಿಷ್ ನಿಧಾನ. ಓದುತ್ತಾ ಹೇಳಿದರು, ರೈಲ್ವೆ ವರ್ಕ್‌ಶಾಪಿನಲ್ಲಿ ವಾಲ್ವ್ ಕೆಲಸಕ್ಕೆ ಜನ ಬೇಕಾಗಿದ್ದಾರಂತೆ, ಹಳೆಯ ಕಾರ್ಖಾನೆಯ ಪತ್ರ ಕೇಳಿದರಂತೆ. ಇವರ ಬಳಿ ಇದ್ದದ್ದು ವಜಾ ಪತ್ರವೊಂದೇ.

"ಇದೇನಿದು? 'ತಪ್ಪು ತಿಳುವಳಿಕೆಯಿಂದ ಶ್ರೀ ದುದೆಕ್ ಅವರ ಮೇಲೆ ಆರೋಪ ಹೊರಿಸಲಾಗಿತ್ತು.' ಯಾರು ಹೊರಿಸಿದ್ದು?"

"ನಾನು."

"ಇಲ್ಲಿಲ್ಲವಲ್ಲ." ಬೆರಳು ಕೆಳಗಿನ ಸಾಲಿಗೆ ಹೋಯಿತು. "'ಟ್ಯಾಪೆಟ್‌ಗಳ ಭಾಗಗಳು ಅದಲುಬದಲಾಗಿದ್ದು ಆನಂತರ ಕಂಡುಬಂದಿದೆ.' ಅವೇ ಎದ್ದು ಓಡಾಡಿ ಅದಲುಬದಲಾದ್ವಾ ಪಾನ್ ಇಂಜಿನಿಯರ್?"

ಅವರು ಪತ್ರವನ್ನು ನನ್ನ ಕಡೆ ತಿರುಗಿಸಿ ಇಟ್ಟರು.

"ನೋಡಿ, ಇದನ್ನ ರೈಲ್ವೆ ಮೇಸ್ತ್ರಿ ಓದ್ತಾನೆ. ಹೆಸರಿರೋದು ನಂದೊಂದೇ. ಹೊಗೆ ಎಲ್ಲಿದೆಯೋ ಅಲ್ಲೇ ಬೆಂಕಿ ಹುಡುಕ್ತಾನೆ ಅವನು. ಹತ್ತೊಂಬತ್ತು ವರ್ಷ ಆ ಕೋಣೇಲಿದ್ದೆ. ತಪ್ಪು ಮಾಡಿದಾಗ ಕ್ಲೆಮೆನ್ಸ್ ಮಾಡಿದ ಅಂತಾನೇ ಬರೀತಿದ್ರು, ಹೆಸರು ಹಾಕಿ. ನಿಮ್ಮ ಹೆಸರೂ ಹಾಕಿ."

ಯಾದ್ವಿಗಾ ಬಿಳಿ ಹಾಳೆ ತಂದು ಮುಂದಿಟ್ಟರು. ಬಾಣಲೆಯಲ್ಲಿ ಎಲೆಕೋಸು ಸೀಯುತ್ತಿತ್ತು, ಆಕೆ ಕದಲಲಿಲ್ಲ. ಪೆನ್ನು ತೆಗೆದು ಬರೆದೆ: "ಪ್ಲಂಜರ್‌ಗಳನ್ನು ಬೆರೆಸಿದ್ದು ನಾನು. ತಪ್ಪು ಆಪಾದನೆ ಮಾಡಿದ್ದೂ ನಾನು. ದುದೆಕ್ ಅವರು ಇಂಜಿನ್ ಮುಟ್ಟಿರಲಿಲ್ಲ. ಐದನೆಯದು ಕೆಟ್ಟಿದೆ ಎಂದು ನನಗಿಂತ ಒಂದು ದಿನ ಮುಂಚೆ ಕೇಳಿಸಿಕೊಂಡರು." ಸಹಿ ಹಾಕಿ ಕೆಳಗೆ ಪೂರ್ತಿ ಹೆಸರು ಬರೆದೆ. ನಾಲ್ಕು ಸಾಲಿಗೆ ಅರ್ಧ ಗಂಟೆ ಹಿಡಿಯಿತು.

ಅವರು ಓದಿ, ಮಸಿ ಆರುವವರೆಗೆ ಹಿಡಿದುಕೊಂಡಿದ್ದರು. ವಂದನೆ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಫೆಬ್ರವರಿ 10, ಬುಧವಾರ

ಇನ್ನೂರು ಗಂಟೆ ಮುಗಿಯಿತು. ಎರಡೂ ಇಂಜಿನ್ ಸುಮ್ಮನಿವೆ. ಒಂದು ಹಲಗೆಯಲ್ಲಿ ಹದಿನಾರು ತೂತು ಕೊರೆದು, ಒಂದೊಂದರ ಪಕ್ಕ ಸಂಖ್ಯೆ ಬರೆದಿದ್ದೇನೆ. ಬಿಚ್ಚಿದ ಜೋಡಿ ಅದರ ತೂತಿನಲ್ಲೇ ಇರಬೇಕು.

ವರದಿ ಬರೆಯುತ್ತಿದ್ದೇನೆ. ಮೊದಲು ಬರೆದದ್ದರಲ್ಲಿ ಏನು ನಡೆಯಿತೆಂದು ನನಗೇ ಗೊತ್ತಾಗಲಿಲ್ಲ. ಹರಿದು ಹಾಕಿದೆ.

ಫೆಬ್ರವರಿ 16, ಮಂಗಳವಾರ

ವರದಿಯ ಏಳನೆಯ ಪುಟಕ್ಕೆ ಪ್ರೆಸ್ಕಾಟ್ ಕೆಂಪು ಪೆನ್ಸಿಲಿನಿಂದ ಅಡ್ಡಗೆರೆ ಎಳೆದು ಕಳಿಸಿದ್ದರು. ಅದನ್ನೇ ಮತ್ತೆ ಟೈಪ್ ಮಾಡಿ ಇಟ್ಟೆ. ಮಧ್ಯಾಹ್ನ ಕರೆಸಿದರು.

"ಇದೇನು ಪಾಪನಿವೇದನೆ ಮಾಡ್ಕೊಳ್ಳೋ ಜಾಗಾನಾ? ನಾನು ಬರೆದೆ, ನಾನು ತೊಳೆದೆ, ನಾನು ಬೆರೆಸಿದೆ. ಪುಟದ ತುಂಬ ನೀನೇ ಇದೀಯ."

"ನಾನೇ ಮಾಡಿದ್ದು ಸರ್. ಈ ಪುಟ ಇಲ್ಲದಿದ್ರೆ ಗ್ಯಾರೇಜ್‌ನೋರೂ ನನ್ನ ಹಾಗೇ ಒಂದೇ ತಟ್ಟೇಲಿ ತೊಳೀತಾರೆ. ಕಾರು ಬಡಿಯೋಕೆ ಶುರುವಾಗುತ್ತೆ, ಅವರೂ ಯಾರನ್ನೋ ಹಿಡೀತಾರೆ."

"ನಿರ್ದೇಶಕರು ಬೇಡ ಅಂದ್ರೆ?"

"ಅಂದ್ರೆ ಅನ್ಲಿ."

ಹೀಗೆ ಹೇಳಿದ್ದು ನನಗೇ ವಿಚಿತ್ರವೆನಿಸಿತು. ಅವರು ಪುಟವನ್ನು ಎರಡು ಸಲ ತಿರುಗಿಸಿ ನೋಡಿದರು. "ಇನ್ನೊಂದು ಸಲ ಗೆರೆ ಎಳೆಯಲ್ಲ. ಆದ್ರೆ ಮುಂದಿನ ಪರೀಕ್ಷೆ ನಿನ್ನ ಕೈಗೆ ಕೊಡೋದೂ ಇಲ್ಲ. ತಿಳೀತಾ?"

ತಿಳಿಯಿತು ಎಂದೆ.

ಫೆಬ್ರವರಿ 19, ಶುಕ್ರವಾರ

ನಿರ್ದೇಶಕರು ಐದು ಜನ ಬಂದಿದ್ದರು. ಎರಡನೆಯ ಇಂಜಿನ್ ಓಡುತ್ತಿದ್ದಾಗ ಅವರಲ್ಲಿ ಹಿರಿಯರು "ಇನ್ನು ಶುರು ಮಾಡಬಹುದಲ್ಲ?" ಎಂದರು. ಎಲ್ಲರೂ ನಕ್ಕರು. ಏಳನೆಯ ಪುಟ ಓದಿದಾಗ ಯಾರೂ ನಗಲಿಲ್ಲ. ಒಬ್ಬರು ಹಲಗೆ ತರಿಸಿಕೊಂಡು ನೋಡಿ, ಪ್ರತಿ ಗ್ಯಾರೇಜಿಗೂ ಇಂಥದ್ದೊಂದು ಕೊಡಲು ಎಷ್ಟು ದಿನ ಬೇಕು ಎಂದು ಕೇಳಿದರು. ಒಪ್ಪಿಗೆ ಸಿಕ್ಕಿತು.

ವಜಾ ಪತ್ರ ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಕೇಳಿದೆ. ಅದು ಬೇರೆ ಸಭೆಯ ವಿಷಯ ಎಂದರು. ಆ ಸಭೆ ಯಾವಾಗ ಎಂದು ಕೇಳಿದೆ. ಗೊತ್ತಿಲ್ಲ ಎಂದರು.

ಫೆಬ್ರವರಿ 22, ಸೋಮವಾರ

ಇಂದಿನಿಂದ ನನ್ನನ್ನು ಕೆಳಗಿನ ಕೋಣೆಗೆ ಹಾಕಿದ್ದಾರೆ. ಹಳೆಯ ಮಾದರಿಯ ಕಾರುಗಳು ಇನ್ನೂ ಹೊರಡಬೇಕಿದೆ, ಅವುಗಳ ಕೊನೆಯ ತಪಾಸಣೆ. ಏಪ್ರಿಲ್ ಹದಿನೈದರವರೆಗೆ. ಆಮೇಲೆ ಏನೆಂದು ಹೇಳಿಲ್ಲ.

ಹನ್ನೊಂದು ಜನ ಇದ್ದಾರೆ. ನಮಸ್ಕಾರ ಹೇಳಿದೆ. ಯಾರೂ ತಲೆ ಎತ್ತಲಿಲ್ಲ.

ಮಾರ್ಚ್ 3, ಗುರುವಾರ

ಒಂದು ಇಂಜಿನ್ನಿನಲ್ಲಿ ಬಡಿತ ಹುಡುಕುತ್ತಿದ್ದೆ. ಮರದ ಕೋಲು ಹಿಡಿದು ಕಾಲು ಗಂಟೆ. ಹಿರಿಯನಾದ ಫ್ಲೋರಿಯಾನ್ ದೂರದಿಂದಲೇ ಬೆರಳು ಎತ್ತಿ ತೋರಿಸಿದರು: ಏಳು. ನೋಡಿದರೆ ಏಳನೆಯದೇ.

ಇಲ್ಲಿಯವರು ಇಂಜಿನ್ ಓಡುತ್ತಿರುವಾಗಲೇ, ಮೇಲೆ ಕೆಳಗೆ ಹಾರುವ ಟ್ಯಾಪೆಟ್‌ನ ಸಂದಿಗೆ ಫೀಲರ್ ಗೇಜಿನ ತೆಳುಪಟ್ಟಿ ತೂರಿಸಿ ಅಳತೆ ನೋಡುತ್ತಾರೆ. ಹತ್ತು ವರ್ಷ ಈ ಕಾರ್ಖಾನೆಯಲ್ಲಿದ್ದೂ ನಾನು ಇದನ್ನು ನೋಡಿರಲಿಲ್ಲ. ಮಧ್ಯಾಹ್ನ ಅಭ್ಯಾಸ ಮಾಡಲು ಹೋಗಿ ಬೆರಳು ಸುಟ್ಟುಕೊಂಡೆ.

ಮನೆಯಲ್ಲಿ ಆಡಾ ಬೆರಳಿಗೆ ಬೆಣ್ಣೆ ಹಚ್ಚುತ್ತಾ, "ಹೇಗಾಯ್ತು?" ಅಂದಳು.

"ಸುಟ್ಕೊಂಡೆ."

ನನ್ನ ಮುಖ ನೋಡಿ ಯಾಕೋ ನಕ್ಕಳು.

ಮಾರ್ಚ್ 10, ಗುರುವಾರ

ಕೋಣೆಯ ಗೋಡೆಯಲ್ಲಿ ಒಂದು ಟೆಲಿಫೋನ್ ಇದೆ. ಹನ್ನೊಂದು ಗಂಟೆಗೆ ರಿಂಗಾಯಿತು. ನಾನೇ ಹತ್ತಿರವಿದ್ದೆ. ಪಕ್ಕದ ಕಟ್ಟೆಯ ಮೇಲೆ ಇಂಜಿನ್ನೊಂದು ಓಡುತ್ತಿತ್ತು, ಹಳೆಯ ಟ್ಯಾಪೆಟ್‌ನದು, ಹದಿನಾರೂ ಒಟ್ಟಿಗೆ ಬಡಿಯುತ್ತಿದ್ದವು. ಅತ್ತ ಕಡೆಯ ದನಿ ಎಲ್ಲೋ ಆಳದಿಂದ ಬಂದ ಹಾಗಿತ್ತು.

"ರೈಲ್ವೆ ವರ್ಕ್‌ಶಾಪು, ಮೇಸ್ತ್ರಿ ಕೀಫ್ ಮಾತಾಡ್ತಿರೋದು. ಲೋಟ್ಜ್ ಅಂತ ಇದಾರಾ?"

"ನಾನೇ."

"ಏನು?"

"ನಾನೇ ಲೋಟ್ಜ್!"

"ದುದೆಕ್ ಅನ್ನೋರು ಒಂದು ಪತ್ರ ತಂದಿದಾರೆ. ಕೈಬರಹ. ಯಾರು ಬೇಕಾದ್ರೂ ಬರ್ಕೋಬಹುದು ಇಂಥದ್ದ. ಕೇಳೋಣ ಅಂತ. ಇಂಜಿನ್ನು ಕೆಡಿಸಿದ್ದು ಯಾರು?"

"ನಾನು."

"ಕೇಳಿಸ್ತಿಲ್ಲ. ಯಾರು ಅಂದ್ರಿ? ದುದೆಕ್ಕಾ?"

"ಅಲ್ಲ, ಅಲ್ಲ! ನಾನು!"

"ಯಾರು?"

"ನಾನು! ನಾನು ಕೆಡಿಸಿದ್ದು!"

ಕೋಣೆಯವರೆಲ್ಲ ಕೈಕೆಲಸ ಬಿಟ್ಟು ನನ್ನ ಕಡೆ ನೋಡುತ್ತಿದ್ದರು. ಅತ್ತಲಿಂದ ಮತ್ತೆ "ಏನು? ಏನು?" ಎನ್ನುತ್ತಿತ್ತು. ಫ್ಲೋರಿಯಾನ್ ಎದ್ದರು. ಕೈ ಒರೆಸಿಕೊಂಡು ನಿಧಾನವಾಗಿ ಕಟ್ಟೆಯ ಹತ್ತಿರ ಹೋಗಿ ಇಂಜಿನ್ ನಿಲ್ಲಿಸಿದರು.

ಅಷ್ಟು ನಿಶ್ಶಬ್ದವಾಗುತ್ತದೆಂದು ನನಗೆ ಗೊತ್ತಿರಲಿಲ್ಲ. ನಾನು ಕಿರುಚುತ್ತಲೇ ಇದ್ದೆ.

"ಕೆಡಿಸಿದ್ದು ನಾನು! ಎರ್ವಿನ್ ಲೋಟ್ಜ್! ಅವರ ಹೆಸರು ಸುಳ್ಳೇ ಹೇಳಿದವನೂ ನಾನು!"

"ಆಯ್ತು ಮಾರಾಯ್ರೇ, ಈಗ ಕೇಳಿಸ್ತು, ಕಿರುಚಬೇಡಿ," ಎಂದರು ಕೀಫ್. "ಕಿವಿ ಚುರುಕಾ ಅವರದ್ದು?"

"ನಿಮ್ಮ ವರ್ಕ್‌ಶಾಪಲ್ಲಿ ಅಂಥ ಕಿವಿ ಇನ್ನೊಂದು ಇರಲ್ಲ."

"ವಾರಕ್ಕೆ ಮೂರೇ ದಿನ ಕೆಲಸ. ಸೋಮವಾರ ಏಳಕ್ಕೆ ಬರೋಕೆ ಹೇಳಿ."

ಫೋನ್ ಇಟ್ಟೆ. ಕೆಲಸ ಬಿಟ್ಟೊಡನೆ ಟ್ರಾಮ್ ಹಿಡಿದರೆ ಸಂಜೆ ಆರರೊಳಗೆ ದುದೆಕ್ ಅವರ ಮನೆ ತಲುಪಬಹುದು. ಆರಕ್ಕೆ ಅವರು ಡಬ್ಬಿ ಹಿಡಿದು ಬಂದಿರುತ್ತಾರೆ.

ಫ್ಲೋರಿಯಾನ್ ಇಂಜಿನ್ ಮತ್ತೆ ಶುರು ಮಾಡಿದರು. ತಲೆ ಬಾಗಿಸಿ ಕೇಳಿದರು.

"ಮೂರನೇದು ಸಡಿಲ ಇದೆ," ಎಂದರು. "ನೀವು ನೋಡ್ತೀರಾ, ನಾನು ನೋಡ್ಲಾ?"

ಫೀಲರ್ ಗೇಜ್ ತೆಗೆದುಕೊಂಡು ಹೋದೆ.